ನಿಲ್ಲದೆ ಓಡುವ ಪಂಪ್‌ಸೆಟ್: ಹಿರೇಕೆರೂರು ಸೀಮೆಯ ಕೊಳವೆಬಾವಿಗಳಲ್ಲಿ ದೋಷ ಹುಡುಕುವ ಬಗೆ

ನಿಲ್ಲದೆ ಓಡುವ ಪಂಪ್‌ಸೆಟ್: ಬಂದ್ ಮಾಡಿದ ಮೇಲೂ ಓಡುತ್ತಲೇ ಇರುವ, ಯಾರೂ ಹಚ್ಚದೆ ತಾನಾಗಿ ಚಾಲೂ ಆಗುವ, ಇಲ್ಲವೆ ಟ್ಯಾಂಕು ತುಂಬಿದರೂ ನಿಲ್ಲದ ನೀರೆತ್ತುವ ಮೋಟಾರಿನ ದೋಷ. ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ತಾಲ್ಲೂಕುಗಳ ಹೊಲತೋಟಗಳಲ್ಲಿ ಇದು ಮಳೆಗಾಲ ಬೇಸಿಗೆ ಎನ್ನದೆ ಕಾಣಿಸಿಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ ಮೊದಲು ಅನುಮಾನ ಬೀಳುವುದು ಬೋರಿನ ಆಳದಲ್ಲಿರುವ ಮೋಟಾರಿನ ಮೇಲೆ. ಅದು ತಪ್ಪು. ಮೋಟಾರಿಗೆ ಸ್ವಂತ ನಿರ್ಧಾರ ಇಲ್ಲ. ಮೂರು ತಂತಿಗಳಲ್ಲಿ ಕರೆಂಟ್ ಬಂದರೆ ತಿರುಗುತ್ತದೆ, ಹೋದರೆ ನಿಲ್ಲುತ್ತದೆ. ನಿಲ್ಲದ ಪಂಪಿನ ದೋಷ ಇರುವುದು ಹೆಚ್ಚುಕಡಿಮೆ ಯಾವಾಗಲೂ ನೆಲದ ಮೇಲೆ, ಕೈಗೆಟಕುವ ಎತ್ತರದಲ್ಲಿ ಗೋಡೆಗೆ ತಗುಲಿಸಿದ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಅಥವಾ ಅದಕ್ಕೆ ಆಜ್ಞೆ ಕೊಡುವ ಆಟೋ ಸ್ವಿಚ್, ಮೊಬೈಲ್ ಸ್ಟಾರ್ಟರ್, ಫ್ಲೋಟ್‌ಗಳಲ್ಲಿ. ನೂರಾರು ಅಡಿ ಪೈಪು ಎತ್ತಿ, ಮೋಟಾರನ್ನು ವೈಂಡಿಂಗ್ ಅಂಗಡಿಗೆ ಹೊತ್ತು, ಕೊನೆಗೆ ದೋಷ ಬೆರಳಗಲದ ಒಂದು ಲೋಹದ ತುಂಡಿನಲ್ಲಿತ್ತು ಎಂದು ತಿಳಿಯುವುದು ರೈತನ ಪಾಲಿಗೆ ದೊಡ್ಡ ನಷ್ಟ. ಆದ್ದರಿಂದ ಹುಡುಕುವ ಕ್ರಮ ಇಲ್ಲಿ ಮುಖ್ಯ.

ಸೀಮೆ ಮತ್ತು ನೀರು

ಹಿರೇಕೆರೂರು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು; ಆ ವರ್ಷ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಮುಂದೆ ರಟ್ಟೀಹಳ್ಳಿ ಭಾಗ ಬೇರೆ ತಾಲ್ಲೂಕಾಗಿದೆ. ಶಿಕಾರಿಪುರದ ಕಡೆಯಿಂದ ಬರುವ ಕುಮುದ್ವತಿ ನದಿ, ಅದಕ್ಕೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ ಮಾಸೂರು ಕೆರೆ ಮತ್ತು ಊರೂರಿನ ಕೆರೆಗಳು ಈ ನೆಲದ ಹಳೆಯ ನೀರಿನ ಆಸರೆ. ಬಾವಿಯಿಂದ ನೀರೆತ್ತಲು ಎತ್ತುಗಳು ಎಳೆಯುವ ಕಪಿಲೆ ಇತ್ತು. ಆಮೇಲೆ ಡೀಸೆಲ್ ಎಂಜಿನ್ ಬಂತು. ಕರೆಂಟ್ ಬಂದ ಮೇಲೆ ಮೋಟಾರ್ ಬಂತು. ತೆರೆದ ಬಾವಿಗಳು ಬತ್ತುತ್ತ ಹೋದಂತೆ ಬೋರ್ ಬಂತು. ಗೋವಿನಜೋಳ, ಹತ್ತಿಗಳ ನಡುವೆ ಈಗ ಅಡಿಕೆ, ಶುಂಠಿ ಕಾಣುತ್ತವೆ. ಸವಣೂರಿನ ಎಲೆಬಳ್ಳಿಯ ತೋಟಗಳಿಗಂತೂ ಮೇಲಿಂದ ಮೇಲೆ ನೀರು ಬೇಕು. ಕೊಳವೆಬಾವಿ ಕೈಕೊಟ್ಟರೆ ಇವೆಲ್ಲ ಕೈಕೊಡುತ್ತವೆ.

ಪಂಪಿನ ಕೈಗಾರಿಕೆಗೂ ಈ ಭಾಗಕ್ಕೂ ಹಳೆಯ ನಂಟಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ನೇಗಿಲು ತಯಾರಿಸಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಕಾರ್ಖಾನೆಯ ಸೆಂಟ್ರಿಫ್ಯೂಗಲ್ ಪಂಪುಗಳು ಮುಂದೆ ದೇಶದ ಮೂಲೆಮೂಲೆಗೆ ಹೋದವು. ಬೋರಿನೊಳಗೆ ಇಳಿಬಿಡುವ ಸಬ್‌ಮರ್ಸಿಬಲ್ ಪಂಪಿನ ಮೂಲ ಬೇರೆ ಕಡೆಯದು. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಆರ್ಮಾಯಿಸ್ ಆರುಟುನಾಫ್ 1920ರ ದಶಕದಲ್ಲಿ ಅದನ್ನು ಎಣ್ಣೆಬಾವಿಗಳಿಗಾಗಿ ಬೆಳೆಸಿದ. ನಮ್ಮ ಹೊಲಗಳಲ್ಲಿ ಅದೇ ತತ್ತ್ವದ ಯಂತ್ರ ಕೊಯಮತ್ತೂರು ಮೊದಲಾದ ಕಡೆಗಳಿಂದ ಬಂದು ಬೋರಿಗಿಳಿದಿದೆ.

ಕರೆಂಟ್ ಹಂಚುವ ಹೊಣೆ 2002ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಹೆಸ್ಕಾಂನದು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ಕರೆಂಟ್ ಉಚಿತ. ಆ ಹಣವನ್ನು ಸರ್ಕಾರ ಭರಿಸುತ್ತದೆ. ತ್ರೀ ಫೇಸ್ ಪೂರೈಕೆ ದಿನಕ್ಕೆ 7 ಗಂಟೆಯ ಲೆಕ್ಕದಲ್ಲಿ, ಫೀಡರುಗಳನ್ನು ಬ್ಯಾಚು ಮಾಡಿ, ಕೆಲವರಿಗೆ ಹಗಲು ಕೆಲವರಿಗೆ ರಾತ್ರಿ ಎಂಬಂತೆ ನಡೆದುಬಂದಿದೆ. ನಿಲ್ಲದ ಪಂಪಿನ ಕಥೆ ಅರ್ಥವಾಗಬೇಕಾದರೆ ಈ ಎರಡು ಸಂಗತಿ ಮನಸ್ಸಿನಲ್ಲಿರಬೇಕು. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೆ ಹಾವು ಹುಳುಗಳ ನಡುವೆ ಹೊಲಕ್ಕೆ ಹೋಗಿ ಬಟನ್ ಒತ್ತುವುದು ಯಾರಿಗೂ ಬೇಡ. ಅದಕ್ಕೇ ಆಟೋ ಸ್ವಿಚ್. ಬಿಲ್ಲು ಬರದ ಮೇಲೆ ಮೋಟಾರ್ ಇಡೀ ರಾತ್ರಿ ಓಡಿದ್ದನ್ನು ತಿಂಗಳ ಕೊನೆಗೆ ತೋರಿಸಿಕೊಡುವ ಕಾಗದವೂ ಇಲ್ಲ.

ಸ್ಟಾರ್ಟರಿನ ಒಳಗೆ

5 ಎಚ್‌ಪಿ, 7.5 ಎಚ್‌ಪಿ ಮೋಟಾರುಗಳಿಗೆ ಸಾಮಾನ್ಯವಾಗಿ ಇರುವುದು ಡಿ.ಓ.ಎಲ್. ಸ್ಟಾರ್ಟರ್, ಅಂದರೆ ಲೈನಿನ ಪೂರ್ತಿ ವೋಲ್ಟೇಜನ್ನು ನೇರವಾಗಿ ಮೋಟಾರಿಗೆ ಕೊಡುವ ಪೆಟ್ಟಿಗೆ. ಅದಕ್ಕಿಂತ ದೊಡ್ಡ ಮೋಟಾರುಗಳಿಗೆ ಸ್ಟಾರ್-ಡೆಲ್ಟಾ. ಹಳೆಯ ಪಂಪ್‌ಹೌಸುಗಳಲ್ಲಿ ಎಣ್ಣೆ ತುಂಬಿದ, ಕೈಹಿಡಿ ಎಳೆಯುವ ಸ್ಟಾರ್ಟರುಗಳು ಈಗಲೂ ಉಳಿದಿವೆ.

ಡಿ.ಓ.ಎಲ್. ಪೆಟ್ಟಿಗೆಯ ಮುಚ್ಚಳ ತೆಗೆದರೆ ಎರಡು ಮುಖ್ಯ ಭಾಗ ಕಾಣುತ್ತವೆ. ಮೇಲೆ ಕಾಂಟ್ಯಾಕ್ಟರ್, ಕೆಳಗೆ ಓವರ್‌ಲೋಡ್ ರಿಲೇ. ಕಾಂಟ್ಯಾಕ್ಟರಿನ ಒಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಇದೆ. ಕಾಯಿಲಿಗೆ ಕರೆಂಟ್ ಸಿಕ್ಕರೆ ಅದು ಅಯಸ್ಕಾಂತವಾಗಿ, ಎದುರಿನ ಕಬ್ಬಿಣದ ಅಚ್ಚನ್ನು ಸ್ಪ್ರಿಂಗಿನ ಬಲಕ್ಕೆ ವಿರುದ್ಧವಾಗಿ ಸೆಳೆದುಕೊಳ್ಳುತ್ತದೆ. ಆ ಅಚ್ಚಿನ ಜೊತೆಗೆ ಮೂರು ಫೇಸಿನ ಪಾಯಿಂಟುಗಳೂ ಹೋಗಿ ಕೂಡಿಕೊಳ್ಳುತ್ತವೆ. ಟಕ್ ಎಂದು ಸದ್ದಾಗಿ ಮೋಟಾರ್ ಚಾಲೂ ಆಗುತ್ತದೆ. ಕಾಯಿಲಿನ ಕರೆಂಟ್ ತಪ್ಪಿದರೆ ಸ್ಪ್ರಿಂಗ್ ಅಚ್ಚನ್ನು ಹಿಂದಕ್ಕೆ ದೂಡುತ್ತದೆ, ಪಾಯಿಂಟು ಬಿಡುತ್ತವೆ.

ಕಾಯಿಲಿಗೆ ಕರೆಂಟ್ ಹೋಗುವ ದಾರಿಯನ್ನು ತಿಳಿದುಕೊಂಡವರಿಗೆ ಅರ್ಧ ರಿಪೇರಿ ಬಂದಂತೆಯೇ. ಒಂದು ಫೇಸಿನಿಂದ ಹೊರಟ ತಂತಿ ಓವರ್‌ಲೋಡ್ ರಿಲೇಯ ಮುಚ್ಚಿದ ಪಾಯಿಂಟಿಗೆ ಬರುತ್ತದೆ. ಅದರ ತಿರುಪುಗಳ ಮೇಲೆ 95, 96 ಎಂಬ ಅಂಕೆ ಇರುತ್ತದೆ. ಅಲ್ಲಿಂದ ಕೆಂಪು ಬಟನ್, ಇದೂ ಒತ್ತದಿರುವಾಗ ಮುಚ್ಚಿಯೇ ಇರುತ್ತದೆ. ಅಲ್ಲಿಂದ ಹಸಿರು ಬಟನ್, ಇದು ತೆರೆದಿರುತ್ತದೆ. ಅದನ್ನು ದಾಟಿ ಎ1, ಎ2 ಎಂದು ಗುರುತಿರುವ ಕಾಯಿಲ್, ಕೊನೆಗೆ ಇನ್ನೊಂದು ಫೇಸ್. ಹಸಿರು ಬಟನ್ನಿನಿಂದ ಬೆರಳು ತೆಗೆದರೂ ಮೋಟಾರ್ ಓಡುತ್ತಲೇ ಇರಬೇಕಲ್ಲ, ಅದಕ್ಕಾಗಿ ಕಾಂಟ್ಯಾಕ್ಟರಿನ ಪಕ್ಕದಲ್ಲಿ 13, 14 ಎಂಬ ಸಣ್ಣ ಪಾಯಿಂಟಿದೆ. ಕಾಂಟ್ಯಾಕ್ಟರ್ ಸೆಳೆದುಕೊಂಡಾಗ ಇದೂ ಕೂಡಿ, ಹಸಿರು ಬಟನ್ನಿಗೆ ಬದಲಿ ದಾರಿಯಾಗುತ್ತದೆ. ಕರೆಂಟ್ ಹೋದರೆ ಈ ಸಣ್ಣ ಪಾಯಿಂಟೂ ಬಿಡುತ್ತದೆ. ಮತ್ತೆ ಕರೆಂಟ್ ಬಂದಾಗ ಮೋಟಾರ್ ತಾನಾಗಿ ಏಳುವುದಿಲ್ಲ. ಇದು ಕಾವಲಿಗೆಂದೇ ಮಾಡಿದ ಏರ್ಪಾಡು. ಕೆಲಸಗಾರನೊಬ್ಬ ಪಂಪಿನ ಮೇಲೆ ಕೈಯಿಟ್ಟಿರುವಾಗ ಕರೆಂಟ್ ಬಂದರೆ ಅವನ ಪ್ರಾಣ ಉಳಿಯುವುದು ಇದರಿಂದ. ಆಟೋ ಸ್ವಿಚ್ ಹಾಕುವುದೆಂದರೆ ಈ ಕಾವಲನ್ನು ತೆಗೆದು, ಹಸಿರು ಬಟನ್ನನ್ನು ಒಂದು ಯಂತ್ರದ ಕೈಗೆ ಕೊಡುವುದು.

ಕೆಂಪು ಬಟನ್ನಿನ ಪರೀಕ್ಷೆ

ಪಂಪು ಬೇಡದ ಹೊತ್ತಿನಲ್ಲಿ ಓಡುತ್ತಿರುವುದು ಕಂಡಾಗ ಮೊದಲು ಮಾಡಬೇಕಾದದ್ದು ಒಂದೇ: ಕೆಂಪು ಬಟನ್ ಒತ್ತಿ, ಕಿವಿಗೊಟ್ಟು ನಿಲ್ಲುವುದು. ಮುಂದೆ ಏನಾಗುತ್ತದೆ ಎಂಬುದರ ಮೇಲೆ ದೋಷದ ಜಾಗ ಗೊತ್ತಾಗುತ್ತದೆ.

ಟಕ್ ಎಂದು ಬಿಟ್ಟು, ಬೆರಳು ತೆಗೆದ ಮೇಲೂ ಮೋಟಾರ್ ನಿಂತೇ ಇದ್ದರೆ ಸ್ಟಾರ್ಟರ್ ಆರೋಗ್ಯವಾಗಿದೆ. ಯಾರು ಹಚ್ಚಿದರು ಎಂಬುದಷ್ಟೇ ಪ್ರಶ್ನೆ. ಆಟೋ ಸ್ವಿಚ್ ಮೇಲಿತ್ತೇ, ಮೊಬೈಲ್ ಸ್ಟಾರ್ಟರಿಗೆ ಕರೆ ಹೋಯಿತೇ, ಪಾಲುದಾರ ಅಣ್ಣತಮ್ಮಂದಿರಲ್ಲಿ ಯಾರಾದರೂ ಬಂದುಹೋದರೇ ಎಂದು ಕೇಳಬೇಕು. ಒಂದೇ ಬೋರಿಗೆ ಮೂರು ಮನೆಯ ಹಕ್ಕಿರುವ ಕಡೆ ಈ ಕೊನೆಯ ಪ್ರಶ್ನೆಯೇ ಉತ್ತರವಾಗುವುದುಂಟು.

ಒತ್ತಿದಾಗ ಬಿಟ್ಟು, ಬೆರಳು ತೆಗೆದ ತಕ್ಷಣ ಮತ್ತೆ ಎಳೆದುಕೊಂಡರೆ ಹಸಿರು ಬಟನ್ನಿನ ಜಾಗದಲ್ಲಿ ಯಾವುದೋ ದಾರಿ ಕೂಡಿಕೊಂಡೇ ಇದೆ. ಹಸಿರು ಬಟನ್ ಧೂಳು ತುಂಬಿ ಒಳಗೇ ಸಿಕ್ಕಿಕೊಂಡಿರಬಹುದು. 13, 14ರ ಸಣ್ಣ ಪಾಯಿಂಟು ಅಂಟಿರಬಹುದು. ಮೊಬೈಲ್ ಸ್ಟಾರ್ಟರಿನೊಳಗಿನ ರಿಲೇ ಸುಟ್ಟು ಮುಚ್ಚಿಕೊಂಡಿರಬಹುದು. ಇದರ ಇನ್ನೊಂದು ಗುರುತು: ಆಟೋ ಸ್ವಿಚ್ ಇಲ್ಲದ ಸ್ಟಾರ್ಟರ್ ಕೂಡ ಕರೆಂಟ್ ಬಂದೊಡನೆ ತಾನೇ ಚಾಲೂ ಆಗುತ್ತದೆ. ಮೋಟಾರ್ ತಾನಾಗಿ ಹತ್ತುತ್ತಿದೆ ಎಂದು ಗಾಬರಿಯಾದವರು ಮೊದಲು ನೋಡಬೇಕಾದದ್ದು ಈ ಸಣ್ಣ ಪಾಯಿಂಟನ್ನು.

ಕೆಂಪು ಬಟನ್ ಒತ್ತಿಯೇ ಹಿಡಿದರೂ ಮೋಟಾರ್ ನಿಲ್ಲದಿದ್ದರೆ ಎರಡರಲ್ಲೊಂದು. ಬಟನ್ ತಪ್ಪಿಸಿ ಕಾಯಿಲಿಗೆ ಕರೆಂಟ್ ಹೋಗುತ್ತಿದೆ, ಇಲ್ಲವೆ ಕಾಯಿಲಿಗೆ ಕರೆಂಟ್ ತಪ್ಪಿದರೂ ಪಾಯಿಂಟು ಬಿಡುತ್ತಿಲ್ಲ. ಇವೆರಡನ್ನು ಬೇರೆ ಮಾಡುವುದು ಸುಲಭ. ಮೇನ್ ಸ್ವಿಚ್ಚಿನ ಹಿಡಿಯನ್ನು ಒಂದೇ ಏಟಿಗೆ ಕೆಳಗೆಳೆದು ಕರೆಂಟ್ ತಪ್ಪಿಸಿ. ಆಗ ಸ್ಟಾರ್ಟರಿನಿಂದ ಟಕ್ ಎಂಬ ಸದ್ದು ಬಂದರೆ ಅದುವರೆಗೆ ಕಾಯಿಲ್ ಜೀವಂತವಾಗಿತ್ತು, ದೋಷ ವೈರಿಂಗಿನಲ್ಲಿದೆ. ಸದ್ದೇ ಬರದಿದ್ದರೆ ಅಚ್ಚು ಕೂತಲ್ಲೇ ಕೂತಿದೆ. ಪಾಯಿಂಟು ಬೆಸೆದಿವೆ ಅಥವಾ ಅಚ್ಚು ಸಿಕ್ಕಿಕೊಂಡಿದೆ. ಮೀಟರೂ ಟೆಸ್ಟರೂ ಇಲ್ಲದೆ, ಕಿವಿಯೊಂದರಿಂದಲೇ ಮಾಡಬಹುದಾದ ಪರೀಕ್ಷೆ ಇದು. ಎಲ್ಲ ರೈತರಿಗೂ ಇದನ್ನು ಹೇಳಿಕೊಡಬೇಕು.

ವೈರಿಂಗ್ ದೋಷ ಹೊಸ ಸ್ಟಾರ್ಟರಿನಲ್ಲಿ ಬರುವುದು ಅಪರೂಪ; ರಿಪೇರಿ ಕಂಡ ಸ್ಟಾರ್ಟರಿನಲ್ಲಿ ಸಾಮಾನ್ಯ. ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುತ್ತದೆಂದು 95, 96ರ ನಡುವೆ ತುಂಡು ತಂತಿ ಹಾಕಿ ಡೈರೆಕ್ಟ್ ಮಾಡುವುದು, ಆಟೋ ಸ್ವಿಚ್ಚಿನ ತಂತಿಯನ್ನು ಕೆಂಪು ಬಟನ್ನಿನ ಆಚೆ ಜೋಡಿಸುವ ಬದಲು ಈಚೆ ಫೇಸಿಗೇ ಜೋಡಿಸುವುದು, ಇವು ಹಳ್ಳಿಯ ಪಂಪ್‌ಹೌಸುಗಳಲ್ಲಿ ಕಾಣಸಿಗುತ್ತವೆ. ಬೆಳೆ ಒಣಗುವ ಆತುರದಲ್ಲಿ ಮಾಡಿದ ಕೆಲಸ ಅದು. ಆದರೆ ರಿಲೇ ಟ್ರಿಪ್ ಆಗುತ್ತಿದ್ದದ್ದು ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತಿದ್ದುದರಿಂದ. ಕಾವಲು ತೆಗೆದ ಮೇಲೆ ಮೋಟಾರ್ ಸುಡುವ ತನಕ ನಿಲ್ಲುವುದಿಲ್ಲ.

ದೂರದ ಮನೆಯಿಂದ ಬಂದ್ ಮಾಡಲೆಂದು ಉದ್ದನೆಯ ಕೇಬಲ್ ಎಳೆದ ಕಡೆ ಇನ್ನೊಂದು ಸೂಕ್ಷ್ಮವಿದೆ. ಪಕ್ಕಪಕ್ಕದ ತಂತಿಗಳ ನಡುವೆ ಸೋರುವ ಅಲ್ಪ ಕರೆಂಟೇ ಸೆಳೆದುಕೊಂಡ ಅಚ್ಚನ್ನು ಹಿಡಿದಿಡಲು ಸಾಕಾಗುವುದುಂಟು. ಕಾಂಟ್ಯಾಕ್ಟರ್ ಎಳೆದುಕೊಳ್ಳಲು ಕಾಯಿಲಿನ ವೋಲ್ಟೇಜಿನ ಶೇ. 85ರಷ್ಟು ಬೇಕು, ಒಮ್ಮೆ ಎಳೆದುಕೊಂಡ ಮೇಲೆ ಅದಕ್ಕಿಂತ ಬಹಳ ಕಡಿಮೆಯಲ್ಲೂ ಅದು ಹಿಡಿದುಕೊಂಡಿರುತ್ತದೆ.

ಹಿಡಿದುಕೊಂಡ ಪಾಯಿಂಟ್ ಮತ್ತು ಆಟೋ ಸ್ವಿಚ್

"ಪಾಯಿಂಟ್ ಹಿಡಕೊಂಡೈತ್ರಿ" ಎಂದು ಮೆಕ್ಯಾನಿಕ್ ಹೇಳುವುದು ಬೆಸೆದುಹೋದ ಪಾಯಿಂಟುಗಳ ಬಗ್ಗೆ. ಬೆಸೆದದ್ದು ಯಾಕೆ ಎಂದು ಕೇಳದೆ ಹೊಸ ಪಾಯಿಂಟ್ ಹಾಕಿಸಿಕೊಂಡು ಹೋದರೆ ಆರು ತಿಂಗಳಲ್ಲಿ ಮತ್ತೆ ಅದೇ ಅಂಗಡಿಗೆ ಬರಬೇಕಾಗುತ್ತದೆ.

ಒಂದು ಲೆಕ್ಕ ನೋಡಿ. ಹಳ್ಳಿಯ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, 63 ಕೆವಿಎಯದು ಎಂದುಕೊಳ್ಳೋಣ. ಅದು ಪ್ರತಿ ಫೇಸಿಗೆ ಸುಮಾರು 84 ಆಂಪಿಯರ್ ಕೊಡಬಲ್ಲದು. ಅದರಡಿ 5 ಎಚ್‌ಪಿಯ ಹತ್ತು ಮೋಟಾರುಗಳಿದ್ದು, ಒಂದೊಂದೂ 8 ಆಂಪಿಯರ್ ಎಳೆದರೆ 80 ಆಂಪಿಯರ್. ಹೊರೆ ತುಂಬಿದೆ, ಆದರೂ ನಡೆಯುತ್ತದೆ. ಆದರೆ ಚಾಲೂ ಆಗುವ ಕ್ಷಣದಲ್ಲಿ ಮೋಟಾರು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹತ್ತೂ ಮೋಟಾರುಗಳು ಆಟೋದಲ್ಲಿದ್ದು, ತ್ರೀ ಫೇಸ್ ಬಂದ ಗಳಿಗೆಯಲ್ಲೇ ಒಟ್ಟಿಗೆ ಎದ್ದರೆ ಬೇಕಾಗುವುದು 400ರಿಂದ 480 ಆಂಪಿಯರ್. ಟಿ.ಸಿ. ಅಷ್ಟು ಕೊಡಲಾರದೆ ವೋಲ್ಟೇಜ್ ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಕಾಯಿಲಿಗೆ ಅಚ್ಚನ್ನು ಬಿಗಿಯಾಗಿ ಸೆಳೆಯುವ ಬಲವಿಲ್ಲ. ಸೆಳೆಯುತ್ತದೆ, ಬಿಡುತ್ತದೆ, ಮತ್ತೆ ಸೆಳೆಯುತ್ತದೆ. ಪೆಟ್ಟಿಗೆಯಿಂದ ಟರ್ರ್ ಎಂಬ ಸದ್ದು ಬರುತ್ತದೆ. ಒಂದೊಂದು ಸಲ ಪಾಯಿಂಟು ಕೂಡಿ ಬಿಡುವಾಗಲೂ ಕಿಡಿ ಹಾರಿ, ಪಾಯಿಂಟಿನ ಮೇಲಿನ ಬೆಳ್ಳಿಮಿಶ್ರಲೋಹ ಕರಗುತ್ತದೆ. ಕರಗಿದ ಮುಖಗಳು ಒತ್ತಿಕೊಂಡಾಗ ಬೆಸೆದುಬಿಡುತ್ತವೆ.

ತಾನಾಗಿ ಚಾಲೂ ಆಗುವ ಪಂಪು, ನಿಲ್ಲಲೊಲ್ಲದ ಪಂಪು ಎಂಬ ಎರಡು ದೂರುಗಳ ಹಿಂದೆ ಹೀಗೆ ಒಂದೇ ಕಾರಣ ಇರುವುದುಂಟು. ಒಬ್ಬನ ಆಟೋ ಸ್ವಿಚ್ ಇನ್ನೊಬ್ಬನ ಪಾಯಿಂಟನ್ನು ಬೆಸೆಯುತ್ತದೆ, ಟಿ.ಸಿ.ಯೂ ಸುಡುತ್ತದೆ, ಅದು ಸುಟ್ಟರೆ ಬದಲಿ ಬರುವ ತನಕ ಎಲ್ಲರ ಬೆಳೆಯೂ ಒಣಗುತ್ತದೆ. ಆಟೋ ಬೇಡವೇ ಬೇಡ ಎಂದರೆ ರಾತ್ರಿ ಬ್ಯಾಚಿನ ರೈತನಿಗೆ ಅನ್ಯಾಯ. ನಡುವಿನ ದಾರಿ ಇದೆ. ಒಳ್ಳೆಯ ಆಟೋ ಸ್ವಿಚ್ಚಿನಲ್ಲಿ ಕರೆಂಟ್ ಬಂದ ಮೇಲೆ ಎಷ್ಟು ಹೊತ್ತಿಗೆ ಚಾಲೂ ಮಾಡಬೇಕೆಂದು ತಿರುಗಿಸಿ ಇಡುವ ಗುಂಡಿಯಿರುತ್ತದೆ. ಒಂದೇ ಟಿ.ಸಿ.ಯ ರೈತರು ಕೂತು ಮಾತಾಡಿ, ಒಬ್ಬರದು ಅರ್ಧ ನಿಮಿಷ, ಇನ್ನೊಬ್ಬರದು ಒಂದು ನಿಮಿಷ, ಮತ್ತೊಬ್ಬರದು ಒಂದೂವರೆ ನಿಮಿಷ ಎಂದು ಇಟ್ಟುಕೊಂಡರೆ ಮೋಟಾರುಗಳು ಒಂದರ ಹಿಂದೆ ಒಂದು ಏಳುತ್ತವೆ. ಪ್ರತಿ ಮೋಟಾರಿಗೂ ಸರಿಯಾದ ಅಳತೆಯ ಕೆಪಾಸಿಟರ್ ಕೂಡಿಸಿದರೆ ಲೈನಿನ ವೋಲ್ಟೇಜ್ ಇನ್ನಷ್ಟು ಸುಧಾರಿಸುತ್ತದೆ. ಖರ್ಚಿನ ಕೆಲಸವಲ್ಲ ಇದು, ಒಮ್ಮತದ ಕೆಲಸ.

ಈ ತಡಕ್ಕೆ ಇನ್ನೊಂದು ಉಪಯೋಗವೂ ಇದೆ. ಪಂಪು ನಿಂತ ಮೇಲೆ ಪೈಪಿನಲ್ಲಿರುವ ನೀರು, ತಡೆಕವಾಟ ಸೋರುತ್ತಿದ್ದರೆ, ಕೆಳಕ್ಕಿಳಿದು ಪಂಪಿನ ಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಬಂದ್ ಮಾಡಿದರೂ ಬೋರಿನಲ್ಲಿ ಸದ್ದು ಕೇಳಿಸುತ್ತದೆ ಎಂಬ ದೂರಿನ ಹಿಂದೆ ಇರುವುದು ಬಹುಪಾಲು ಇದೇ; ಅದು ಸ್ವಲ್ಪ ಹೊತ್ತಿನಲ್ಲಿ ಅಡಗುತ್ತದೆ. ಆ ಹೊತ್ತಿನಲ್ಲೇ ಕರೆಂಟ್ ಬಂದು ಮೋಟಾರ್ ಮುಮ್ಮುಖವಾಗಿ ಎದ್ದರೆ ಶಾಫ್ಟ್ ಮುರಿಯುವ ಭಯವಿದೆ.

ಬೆಸೆದ ಪಾಯಿಂಟುಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಎಮರಿ ಕಾಗದ ತಿಕ್ಕಿ ಮತ್ತೆ ಹಾಕುವುದು ಬಳಕೆಯಲ್ಲಿದೆ. ಬೆಳ್ಳಿ ಮಿಶ್ರಲೋಹದ ಪಾಯಿಂಟಿಗೆ ಇದು ಸಲ್ಲದು. ತಿಕ್ಕಿದರೆ ಬೆಳ್ಳಿಯ ಪದರ ಹೋಗಿ ಅಡಿಯ ಲೋಹ ಮೇಲೆ ಬರುತ್ತದೆ, ಮುಂದಿನ ಸಲ ಇನ್ನೂ ಬೇಗ ಅಂಟುತ್ತದೆ. ಬದಲಾಯಿಸುವಾಗ ಮೂರೂ ಫೇಸಿನ ಪಾಯಿಂಟುಗಳನ್ನು, ಸ್ಪ್ರಿಂಗಿನ ಸಮೇತ, ಒಟ್ಟಿಗೆ ಬದಲಾಯಿಸಬೇಕು. ಮೂರರಲ್ಲಿ ಎರಡು ಮಾತ್ರ ಬೆಸೆದು, ಮೂರನೆಯದು ಬಿಟ್ಟಿದ್ದರೆ ಮೋಟಾರಿಗೆ ಎರಡೇ ಫೇಸ್ ಸಿಕ್ಕು ಗುಂಯ್‌ಗುಡುತ್ತ ಸುಡುತ್ತದೆ. ಇದು ಪೂರ್ತಿ ನಿಲ್ಲದಿರುವುದಕ್ಕಿಂತ ಅಪಾಯದ್ದು.

ಪಾಯಿಂಟು ಚೆನ್ನಾಗಿದ್ದೂ ಅಚ್ಚು ಬಿಡದಿದ್ದರೆ ಅದರ ಮುಖಗಳನ್ನು ನೋಡಬೇಕು. ಪಂಪ್‌ಹೌಸಿನ ಸ್ಟಾರ್ಟರಿನೊಳಗೆ ಇರುವೆಗಳು ಗೂಡು ಮಾಡುತ್ತವೆ, ಕಡಜ ಮಣ್ಣು ಮೆತ್ತುತ್ತದೆ, ಹಲ್ಲಿ ಸಿಕ್ಕಿ ಸಾಯುತ್ತದೆ. ತುಕ್ಕು ಹಿಡಿಯದಿರಲೆಂದು ಯಾರೋ ಸವರಿದ ಗ್ರೀಸು ಧೂಳು ಕುಡಿದು ಅಂಟಿನಂತಾಗಿ ಎರಡೂ ಮುಖಗಳನ್ನು ಹಿಡಿದಿಡುತ್ತದೆ. ಇಂಗ್ಲಿಷಿನ ಇ ಅಕ್ಷರದ ಆಕಾರದ ಆ ಅಚ್ಚಿನ ನಡುಗಾಲು ಪಕ್ಕದ ಕಾಲುಗಳಿಗಿಂತ ಕೂದಲೆಳೆಯಷ್ಟು ಗಿಡ್ಡ ಇರುತ್ತದೆ. ಕರೆಂಟ್ ತಪ್ಪಿದ ಮೇಲೂ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತ ಗುಣ ಉಳಿಯುತ್ತದೆ. ಅದು ಅಚ್ಚನ್ನು ಹಿಡಿದಿಡದಂತೆ ತಡೆಯುವುದು ಈ ಸಣ್ಣ ಸಂದು. ವರ್ಷಗಟ್ಟಲೆ ಬಡಿದು ಬಡಿದು ಪಕ್ಕದ ಕಾಲುಗಳು ಸವೆದರೆ ಸಂದು ಮುಚ್ಚಿಹೋಗುತ್ತದೆ. ಅಂಥ ಕಾಂಟ್ಯಾಕ್ಟರ್ ಒಮ್ಮೊಮ್ಮೆ ಬಿಡುತ್ತದೆ, ಒಮ್ಮೊಮ್ಮೆ ಬಿಡುವುದಿಲ್ಲ. ಅದನ್ನು ರಿಪೇರಿ ಮಾಡದೆ ಬದಲಾಯಿಸುವುದೇ ಸರಿ. ಅಚ್ಚಿನ ಮುಖದಲ್ಲಿ ಕೂಡಿಸಿದ ತಾಮ್ರದ ಉಂಗುರ ಒಡೆದಿದ್ದರೆ ಓಡುವಾಗ ಕರ್ಕಶ ಸದ್ದು ಬರುತ್ತದೆ, ಪಾಯಿಂಟು ಅದುರಿ ಸುಡುತ್ತವೆ. ಎಣ್ಣೆ ಸ್ಟಾರ್ಟರಿನಲ್ಲಿ ಎಣ್ಣೆ ಕರಿಗಟ್ಟಿ ಮಂದವಾದರೆ ಕೈಹಿಡಿ ಹಿಂದಕ್ಕೆ ಬರಲು ತಡಮಾಡುತ್ತದೆ. ಎಣ್ಣೆ ಬದಲಿಸಿದರೆ ಸರಿಹೋಗುತ್ತದೆ.

ಎರಡು ಫೇಸಿನ ಓಟ

ನಿಲ್ಲಬೇಕಾದಾಗ ನಿಲ್ಲದಿರುವುದರಲ್ಲಿ ಅತಿ ಹೆಚ್ಚು ಮೋಟಾರುಗಳನ್ನು ಬಲಿ ತೆಗೆದುಕೊಳ್ಳುವ ಸಂದರ್ಭ ಇದು. ಕಾಯಿಲ್ ಕೂಡಿಸಿರುವುದು ಮೂರರಲ್ಲಿ ಎರಡು ಫೇಸಿಗೆ ಮಾತ್ರ. ಮೂರನೆಯ ಫೇಸಿನ ಫ್ಯೂಸ್ ಹೋದರೆ ಕಾಯಿಲಿಗೆ ಅದರ ಅರಿವೇ ಇಲ್ಲ; ಮೋಟಾರ್ ಎರಡು ಫೇಸಿನಲ್ಲೇ ಓಡುತ್ತದೆ, ಉಳಿದ ಎರಡು ತಂತಿಗಳಲ್ಲಿ ಕರೆಂಟ್ ಸುಮಾರು 1.7 ಪಟ್ಟಾಗುತ್ತದೆ. ಕಾಯಿಲಿನ ಫೇಸೇ ಹೋದರೂ ನಿಲ್ಲುತ್ತದೆಂಬ ಭರವಸೆಯಿಲ್ಲ. ತಿರುಗುತ್ತಿರುವ ಮೋಟಾರ್ ಹೋದ ಫೇಸಿನ ತಂತಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಅದು ಕಾಯಿಲನ್ನು ಹಿಡಿದಿಡುತ್ತದೆ. ಓವರ್‌ಲೋಡ್ ರಿಲೇ ಮೋಟಾರಿನ ಫಲಕದಲ್ಲಿ ಬರೆದಿರುವ ಆಂಪಿಯರಿಗೆ ಸರಿಯಾಗಿ ಇಟ್ಟಿದ್ದರೆ ಅದು ಕಾಯುತ್ತದೆ. ಡೈರೆಕ್ಟ್ ಮಾಡಿದ್ದರೆ ಕಾಯುವವರಿಲ್ಲ. ಸಿಂಗಲ್ ಫೇಸ್ ಪ್ರಿವೆಂಟರ್ ಎಂಬ ಸಣ್ಣ ಪೆಟ್ಟಿಗೆ ಇದಕ್ಕೆಂದೇ ಇರುವುದು. ಮೋಟಾರಿನ ವೈಂಡಿಂಗ್ ಖರ್ಚಿನ ಮುಂದೆ ಅದರ ಬೆಲೆ ಏನೇನೂ ಅಲ್ಲ.

ಬ್ಯಾಚು ಮುಗಿದು ಸಿಂಗಲ್ ಫೇಸ್ ಮಾತ್ರ ಇರುವ ಹೊತ್ತಿನಲ್ಲಿ ಕೆಪಾಸಿಟರ್ ಕೂಡಿಸಿ ತ್ರೀ ಫೇಸ್ ಮೋಟಾರ್ ಓಡಿಸುವ ರೂಢಿ ಇರುವಲ್ಲಿ ಪಂಪುಗಳು ಬ್ಯಾಚಿನ ಹೊರಗೂ ಓಡುತ್ತಿರುತ್ತವೆ. ಮೋಟಾರಿಗೂ ಲೈನಿಗೂ ಅದು ಒಳ್ಳೆಯದಲ್ಲ. ಅಂಥ ಕಡೆ ಪ್ರಿವೆಂಟರನ್ನು ಮೊದಲೇ ಕಿತ್ತುಹಾಕಿರುತ್ತಾರೆ.

ಮೊಬೈಲ್, ಟ್ಯಾಂಕು, ಫ್ಲೋಟ್

ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರುಗಳು ಬಂದ ಮೇಲೆ ಮನೆಯಲ್ಲಿ ಕೂತೇ ಮೋಟಾರ್ ಹಚ್ಚಬಹುದು. ಇವು ತಾವಾಗಿ ಚಾಲೂ ಮಾಡುವುದಕ್ಕೆ ಮುಖ್ಯ ಕಾರಣ ಸೆಟ್ಟಿಂಗಿನಲ್ಲಿ ಉಳಿದುಹೋದ ಆಟೋ ಅಥವಾ ಹಳೆಯ ಸಮಯಪಟ್ಟಿ. ನೆಟ್‌ವರ್ಕ್ ಸಿಗದ ಹೊಲದಲ್ಲಿ ಬಂದ್ ಮಾಡುವ ಕರೆ ತಲುಪದೆಯೂ ಮೋಟಾರ್ ಓಡುತ್ತಿರುತ್ತದೆ. ಪಂಪಿನ ಕಡೆಯಿಂದ ಉತ್ತರದ ಸಂದೇಶ ಬರುವ ತನಕ ಬಂದ್ ಆಯಿತೆಂದು ನಂಬಬಾರದು.

ಊರಿನ ಕುಡಿಯುವ ನೀರಿನ ಟ್ಯಾಂಕುಗಳದು ಬೇರೆ ಬಗೆ. ಅಲ್ಲಿ ನೀರುಗಂಟಿ ಇಲ್ಲದಾಗ ಪಂಪನ್ನು ನಿಲ್ಲಿಸಬೇಕಾದದ್ದು ಫ್ಲೋಟ್ ಅಥವಾ ನೀರು ಮುಟ್ಟಿದರೆ ಸೂಚನೆ ಕೊಡುವ ಕಡ್ಡಿಗಳು. ಫ್ಲೋಟಿನ ತಂತಿ ಏಣಿಗೋ ಪೈಪಿಗೋ ಸಿಕ್ಕಿಕೊಂಡು ಮೇಲೇಳದಿದ್ದರೆ ಟ್ಯಾಂಕು ತುಂಬಿ ಹರಿಯುತ್ತದೆ. ಕೊಳವೆಬಾವಿಯ ಗಡುಸು ನೀರಿನ ಸುಣ್ಣ ಕಡ್ಡಿಗಳ ಮೇಲೆ ಪದರಗಟ್ಟಿದರೆ ನೀರು ಮುಟ್ಟಿದ್ದೇ ತಿಳಿಯುವುದಿಲ್ಲ; ಮೂರು ನಾಲ್ಕು ತಿಂಗಳಿಗೊಮ್ಮೆ ಉಜ್ಜಿ ತೊಳೆದರೆ ಸಾಕು. ಟ್ಯಾಂಕು ತುಂಬಲೇ ಇಲ್ಲ, ಪಂಪು ಓಡುತ್ತಲೇ ಇದೆ ಎಂದಾದರೆ ಪೈಪು ಒಡೆದಿದೆಯೇ, ತಡೆಕವಾಟ ಸೋರುತ್ತಿದೆಯೇ ನೋಡಬೇಕು. ಲೈನಿನ ಕೆಲಸ ನಡೆದ ಮಾರನೆಯ ದಿನದಿಂದ ಹೀಗಾಗಿದ್ದರೆ ಫೇಸು ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗುತ್ತಿದೆ: ನೀರು ಬರುತ್ತದೆ, ಆದರೆ ಬಹಳ ಕಡಿಮೆ. ಯಾವುದಾದರೂ ಎರಡು ಫೇಸಿನ ತಂತಿ ಅದಲುಬದಲು ಮಾಡಿದರೆ ಸರಿ.

ಚಳಿನಾಡಿನ ಮನೆಗಳಲ್ಲಿ

ಇಂಗ್ಲೆಂಡ್, ಐರ್ಲೆಂಡ್, ಜರ್ಮನಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದೇ ತೊಂದರೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಅಲ್ಲಿನ ಮನೆಗಳಲ್ಲಿ ಬಾಯ್ಲರ್ ಕಾಯಿಸಿದ ನೀರನ್ನು ಕೋಣೆಕೋಣೆಯ ರೇಡಿಯೇಟರುಗಳಿಗೆ ಸುತ್ತಿಸುವ ಸಣ್ಣ ಪಂಪು ಇರುತ್ತದೆ. ಡೆನ್ಮಾರ್ಕಿನಲ್ಲಿ 1945ರಲ್ಲಿ ಪೌಲ್ ಡ್ಯೂ ಯೆನ್ಸೆನ್ ಶುರುಮಾಡಿದ ಗ್ರುಂಡ್‌ಫೋಸ್ ಕಂಪನಿ ಈ ಸಣ್ಣ ಪಂಪುಗಳನ್ನೂ ಬೋರಿನ ಸಬ್‌ಮರ್ಸಿಬಲ್ ಪಂಪುಗಳನ್ನೂ ತಯಾರಿಸುತ್ತದೆ.

ಬಾಯ್ಲರ್ ಆರಿದ ಮೇಲೂ ಪಂಪು ಕೆಲವು ನಿಮಿಷ ಓಡಿದರೆ ದೋಷವಲ್ಲ. ಒಳಗೆ ಉಳಿದ ಕಾವನ್ನು ಹೊರಗೆ ಸಾಗಿಸಲು ಹಾಗೆಯೇ ಮಾಡಿರುತ್ತಾರೆ. ನೀರು ಹೆಪ್ಪುಗಟ್ಟುವಂಥ ಚಳಿಯ ರಾತ್ರಿಗಳಲ್ಲಿ ಪೈಪು ಒಡೆಯದಿರಲೆಂದು ತಾನಾಗಿ ಚಾಲೂ ಆಗುವುದೂ ಏರ್ಪಾಡಿನ ಭಾಗವೇ. ಗಂಟೆಗಟ್ಟಲೆ ಓಡಿದರೆ ಥರ್ಮೋಸ್ಟಾಟ್, ಅದರ ಆಜ್ಞೆ ಹೊತ್ತು ತರುವ ರಿಲೇ, ಮೋಟಾರಿನಿಂದ ತೆರೆದು ಮುಚ್ಚುವ ಕವಾಟದೊಳಗಿನ ಸಣ್ಣ ಸ್ವಿಚ್, ಈ ಮೂರರಲ್ಲೊಂದು ಸಿಕ್ಕಿಕೊಂಡಿರುತ್ತದೆ. ಥರ್ಮೋಸ್ಟಾಟನ್ನು ಪೂರ್ತಿ ಕೆಳಗಿಳಿಸಿ ಕಾದುನೋಡುವುದು ಅಲ್ಲಿನ ಕೆಂಪು ಬಟನ್ ಪರೀಕ್ಷೆ. ಆಮೇಲೆ ಹುಡುಕುವ ಕ್ರಮ ಹಿರೇಕೆರೂರಿನದೇ: ಆಜ್ಞೆ ಬರುತ್ತಿದೆಯೋ, ಆಜ್ಞೆ ಇಲ್ಲದೆಯೂ ಪಾಯಿಂಟು ಹಿಡಿದಿದೆಯೋ.

ನಷ್ಟದ ಲೆಕ್ಕ

300 ಅಡಿ ಎತ್ತರಕ್ಕೆ ನೀರೆತ್ತುವ 5 ಎಚ್‌ಪಿ ಪಂಪು ಸೆಕೆಂಡಿಗೆ 2ರಿಂದ 2.5 ಲೀಟರ್ ಕೊಡುತ್ತದೆ ಎಂದಿಟ್ಟುಕೊಂಡರೆ, 7 ಗಂಟೆಯ ಒಂದು ಬ್ಯಾಚಿನಲ್ಲಿ ಐವತ್ತರಿಂದ ಅರವತ್ತು ಸಾವಿರ ಲೀಟರ್ ಹೊರಬೀಳುತ್ತದೆ. ಹತ್ತಿರಹತ್ತಿರ 35 ಯೂನಿಟ್ ಕರೆಂಟ್ ಹೋಗುತ್ತದೆ. ಆ ನೀರೆಲ್ಲ ಕಾಲು ಎಕರೆಯ ಶುಂಠಿ ಮಡಿಗಳ ಮೇಲೆ ನಿಂತರೆ 50ರಿಂದ 60 ಮಿಲಿಮೀಟರ್ ಮಳೆ ಸುರಿದಷ್ಟು. ನೀರು ನಿಂತ ಶುಂಠಿಗೆ ಗೆಡ್ಡೆ ಕೊಳೆ ರೋಗ ಬೇಗ ತಗಲುತ್ತದೆ. ಒಂದು ರಾತ್ರಿಯ ಓಟ ವರ್ಷದ ಬೆಳೆಯನ್ನು ಕೊಳೆಸಬಲ್ಲದು.

ಬೋರಿನಲ್ಲಿ ನೀರು ಇಳಿದುಹೋದ ಮೇಲೂ ಪಂಪು ಓಡಿದರೆ ನಷ್ಟ ಇನ್ನೂ ಹೆಚ್ಚು. ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಿರುವುದು ಅದರ ಮೈಯನ್ನು ಸವರಿಕೊಂಡು ಹರಿಯುವ ನೀರಿನಿಂದ. ಪಂಪಿನ ಬೇರಿಂಗುಗಳಿಗೂ ನೀರೇ ಎಣ್ಣೆ. ನೀರಿಲ್ಲದೆ ಓಡಿದ ಪಂಪಿನ ಬುಷ್‌ಗಳು ಸುಟ್ಟು, ಮೋಟಾರಿನ ವೈಂಡಿಂಗ್ ಹೋಗುತ್ತದೆ. ನೀರಿಲ್ಲದಾಗ ಮೋಟಾರ್ ಎಳೆಯುವ ಕರೆಂಟ್ ತಗ್ಗುತ್ತದೆ. ಅದನ್ನು ಗುರುತಿಸಿ ಬಂದ್ ಮಾಡುವ ಡ್ರೈ ರನ್ ಪ್ರಿವೆಂಟರುಗಳಿವೆ. ಓವರ್‌ಲೋಡ್ ರಿಲೇ ಹೆಚ್ಚು ಕರೆಂಟನ್ನು ಮಾತ್ರ ಕಾಯುತ್ತದೆ, ಕಡಿಮೆಯನ್ನಲ್ಲ, ಎಂಬುದು ನೆನಪಿರಬೇಕು. ಅಂತರ್ಜಲ ಬಳಕೆಗೆ ಕಟ್ಟುಪಾಡು ಹಾಕುವ ಕಾನೂನನ್ನು ಕರ್ನಾಟಕ 2011ರಲ್ಲಿ ಮಾಡಿದೆ. ಆದರೆ ರಾತ್ರಿ ಕಾಲುವೆ ಸೇರಿ ಹಳ್ಳಕ್ಕೆ ಹರಿದುಹೋಗುವ ನೀರನ್ನು ಉಳಿಸುವುದು ಕಾನೂನಿಗಿಂತ ಮೊದಲು ಒಂದು ಸರಿಯಾದ ಸ್ಟಾರ್ಟರಿನಿಂದ ಸಾಧ್ಯ.

ಎಚ್ಚರ

ಸ್ಟಾರ್ಟರಿನ ಮುಚ್ಚಳ ತೆಗೆಯುವ ಮೊದಲು ಮೇನ್ ಬಂದ್ ಮಾಡಿ, ಆಟೋ ತೆಗೆಯಬೇಕು; ಮುಚ್ಚಳ ತೆಗೆದ ಮೇಲೆ ಒಳಗೆ ಕೈಯಿಡುವ ಮೊದಲು ಟೆಸ್ಟರಿನಿಂದ ಮೂರೂ ಫೇಸನ್ನು ಮುಟ್ಟಿ ನೋಡಬೇಕು. ಮೇನ್ ಬಂದ್ ಆಗಿದ್ದರೂ ಅದರ ಮೇಲಿನ ತುದಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕೆಪಾಸಿಟರ್ ಕರೆಂಟ್ ಹೋದ ಮೇಲೂ ಕೆಲವು ನಿಮಿಷ ಶಾಕ್ ಕೊಡಬಲ್ಲದು. ಪಂಪು ಓಡುತ್ತಿರುವಾಗ ಫ್ಯೂಸಿನ ಕಿಟ್‌ಕ್ಯಾಟ್ ಕೀಳುವುದು ಅತಿ ಅಪಾಯ. ಬೆಂಕಿಯ ಕಿಡಿ ಮುಖಕ್ಕೆ ಹಾರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಏನನ್ನೂ ಮುಟ್ಟಬಾರದು. ಮೇನ್ ಸ್ವಿಚ್ ಕೆಟ್ಟು ಪಂಪು ಯಾವುದಕ್ಕೂ ನಿಲ್ಲದಿದ್ದರೆ ಟಿ.ಸಿ. ಕಂಬ ಹತ್ತುವ ಸಾಹಸ ಮಾಡಬೇಡಿ. ಲೈನ್‌ಮನ್‌ಗೆ ತಿಳಿಸಿ, ಇಲ್ಲವೆ 1912ಕ್ಕೆ ಕರೆ ಮಾಡಿ ಲೈನ್ ತೆಗೆಸಿ, ಆಮೇಲೆ ಸ್ಟಾರ್ಟರ್ ಬಿಚ್ಚಿ.